ನಮ್ಮ ಸಾಲದ ಲೆಕ್ಕ ಬೇರೆಯವರ ಪುಸ್ತಕದಲ್ಲಿ

(ಈ ತಿಂಗಳ ಸಂಘದ ಸಭೆಯಲ್ಲಿ ಓದಿ ಚರ್ಚಿಸಲು)



ಸಂಘದ ಲೆಕ್ಕ ನಮಗೆಲ್ಲ ಬಾಯಿಪಾಠ. ಯಾರ ಉಳಿತಾಯ ಎಷ್ಟು, ಯಾರ ಕಂತು ಬಾಕಿ, ಯಾರು ಬಡ್ಡಿ ಮಾತ್ರ ಕಟ್ಟಿದ್ರು, ಎಲ್ಲವನ್ನೂ ಪ್ರತಿನಿಧಿ ಸಭೆಯಲ್ಲಿ ಗಟ್ಟಿಯಾಗಿ ಓದುತ್ತಾಳೆ. ಒಂದು ರೂಪಾಯಿ ತಪ್ಪಿದರೂ "ತಾಳಮ್ಮ, ಕಳೆದ ವಾರ ನಾನು ಕೊಟ್ಟಿದ್ದೆ" ಅಂತ ಅಲ್ಲೇ ಹೇಳ್ತೀವಿ. ಆದರೆ ನಮ್ಮ ಇನ್ನೊಂದು ಲೆಕ್ಕ ದೂರದ ಊರಿನ ಕಂಪ್ಯೂಟರಿನಲ್ಲಿ ಇದೆ. ಅದನ್ನು ಬ್ಯಾಂಕಿನವರು ಓದ್ತಾರೆ, ಮೈಕ್ರೋ ಫೈನಾನ್ಸಿನವರು ಓದ್ತಾರೆ, ನಾವು ಮಾತ್ರ ಓದಿಲ್ಲ. ಅದರ ಹೆಸರು ಕ್ರೆಡಿಟ್ ರಿಪೋರ್ಟ್. ಜನರ ಬಾಯಲ್ಲಿ 'ಸಿಬಿಲ್'.

ಇದನ್ನು ನಾವು ಕಲಿತದ್ದು ತರಬೇತಿಯಲ್ಲಿ ಅಲ್ಲ. 2024ರಲ್ಲಿ ನಮ್ಮ ಸಂಘವೊಂದರ ಅಕ್ಕ ಒಬ್ಬರ ಕಷ್ಟದಿಂದ ಕಲಿತೆವು. ಅವರ ಒಪ್ಪಿಗೆ ಪಡೆದು, ಹೆಸರು ಊರು ಬಿಟ್ಟು ಇಲ್ಲಿ ಬರೆಯುತ್ತಿದ್ದೇವೆ.

ಆ ಅಕ್ಕ ಕಾಫಿ ತೋಟದ ಲೈನ್ ಮನೆಯಲ್ಲಿ ಇರುವವರು. ಗಂಡ ಹೆಂಡತಿ ಇಬ್ಬರೂ ಕೂಲಿ. ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ಸೇರಬೇಕು ಅಂತ ಸೀಟು ಹಿಡಿದಿದ್ದಳು. ಶಿಕ್ಷಣ ಸಾಲಕ್ಕೆ ಬ್ಯಾಂಕಿಗೆ ಹೋದರು. ಮಕ್ಕಳ ಶಿಕ್ಷಣ ಸಾಲಕ್ಕೆ ತಂದೆ ಅಥವಾ ತಾಯಿಯೂ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು, ಅದಕ್ಕೆ ಬ್ಯಾಂಕಿನವರು ಅವರ ರಿಪೋರ್ಟ್ ತೆಗೆದು ನೋಡ್ತಾರೆ. ನೋಡಿದರು. "ನಿಮ್ಮ ಸಿಬಿಲ್ ಸರಿ ಇಲ್ಲಮ್ಮ" ಅಂತ ಕಾಗದ ವಾಪಸ್ ಕೊಟ್ಟರು.

ಆ ಅಕ್ಕ ಸೀದಾ ನಮ್ಮ ಕಚೇರಿಗೆ ಬಂದರು. "ಸಿಸ್ಟರ್, ಈ ಸಿಬಿಲ್ ಅಂದ್ರೆ ಯಾರು? ನಾನು ಅವರ ಹತ್ರ ಸಾಲವೇ ತಗೊಂಡಿಲ್ವಲ್ಲ?" ಅಂದರು. ನಮಗೆ ನಗು ಬರಲಿಲ್ಲ. ಯಾಕೆಂದರೆ ನಮಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಹನ್ನೆರಡು ವರ್ಷದಿಂದ ಸಂಘದಲ್ಲಿ ಒಂದು ಕಂತೂ ತಪ್ಪಿಸದವರು ಅವರು. ಆದರೂ ಆ ವಾರದ ಸಭೆಯಲ್ಲಿ ಪಿಸುಮಾತು ಶುರುವಾಯಿತು: "ಎಲ್ಲೋ ಗುಟ್ಟಾಗಿ ಸಾಲ ಮಾಡಿರಬೇಕು. ನಾಳೆ ನಮ್ಮ ಸಂಘಕ್ಕೂ ಬ್ಯಾಂಕಿನವರು ಸಾಲ ಕೊಡದೇ ಹೋದ್ರೆ?" ಅಕ್ಕ ಎರಡು ಸಭೆಗೆ ಬರಲಿಲ್ಲ.

ಸಿಬಿಲ್ ಅಂದ್ರೆ ಯಾರು?

ಊರಿನ ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ ಇರುತ್ತದಲ್ಲ, ಹಾಗೆಯೇ. ವ್ಯತ್ಯಾಸ ಏನೆಂದರೆ ಇಲ್ಲಿ ಎಲ್ಲ ಅಂಗಡಿಗಳ ಉದ್ರಿ ಪುಸ್ತಕವನ್ನೂ ಒಂದೇ ಕಡೆ ಸೇರಿಸಿ ಬರೆದಿಡುತ್ತಾರೆ. ಸಾಲ ಕೊಡುವ ಬ್ಯಾಂಕು, ಫೈನಾನ್ಸ್ ಕಂಪನಿ, ಮೈಕ್ರೋ ಫೈನಾನ್ಸ್, ಇವರೆಲ್ಲ ತಮ್ಮ ಸಾಲಗಾರರ ಲೆಕ್ಕವನ್ನು ಈ ಮಾಹಿತಿ ಕಂಪನಿಗಳಿಗೆ ಕಳಿಸಲೇಬೇಕು. 2005ರಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಆಯಿತು. ನಮ್ಮ ದೇಶದಲ್ಲಿ ಇಂಥ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಕ್ರಿಫ್ ಹೈ ಮಾರ್ಕ್, ಎಕ್ಸ್‌ಪೀರಿಯನ್ ಮತ್ತು ಈಕ್ವಿಫ್ಯಾಕ್ಸ್. ಸಿಬಿಲ್ ಮೊದಲು ಬಂದದ್ದು, 2000ದಲ್ಲಿ. ಹಾಗಾಗಿ ನಾಲ್ಕಕ್ಕೂ ಜನ ಅದೇ ಹೆಸರು ಹೇಳ್ತಾರೆ, ಯಾವ ಕಂಪನಿಯ ಸೋಪಿನ ಪುಡಿಯಾದರೂ 'ಸರ್ಫ್' ಅನ್ನುವ ಹಾಗೆ.

ಈ ಕಂಪನಿಗಳು ಯಾರಿಗೂ ಸಾಲ ಕೊಡುವುದಿಲ್ಲ, ಯಾರ ಸಾಲವನ್ನೂ ತಡೆಯುವುದಿಲ್ಲ. ಬೇರೆಯವರು ಕಳಿಸಿದ್ದನ್ನು ಬರೆದಿಡುತ್ತವೆ ಅಷ್ಟೇ. ಕಳಿಸುವವರು ತಪ್ಪು ಕಳಿಸಿದರೆ ಪುಸ್ತಕದಲ್ಲೂ ತಪ್ಪೇ ಇರುತ್ತದೆ, ಮತ್ತು ಅದನ್ನು ನಾವು ನೋಡುವವರೆಗೆ ಹಾಗೆಯೇ ಇರುತ್ತದೆ.

ಯಾವ ಸಾಲ ಅಲ್ಲಿರುತ್ತದೆ? ವಾರದ ಕಂತಿನ ಸಾಲ, ಬ್ಯಾಂಕಿನ ಚಿನ್ನದ ಸಾಲ, ಬೈಕು ಫ್ರಿಜ್ಜಿಗೆ ಮಾಡಿದ ಕಂತಿನ ಸಾಲ, ಬೆಳೆ ಸಾಲ, ಜಾಮೀನು ಹಾಕಿದ ಸಾಲ. ಸ್ವಸಹಾಯ ಸಂಘದ ಬ್ಯಾಂಕ್ ಸಾಲದಲ್ಲಿ ಯಾವ ಸದಸ್ಯೆಯ ಪಾಲು ಎಷ್ಟು ಅನ್ನುವ ಮಾಹಿತಿಯನ್ನೂ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ 2016ರಲ್ಲಿ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿದೆ. ಆದ್ದರಿಂದ 'ಸಂಘದ ಸಾಲ ಸಂಘದ ಹೆಸರಲ್ಲಿ, ನನಗೇನು' ಅನ್ನುವಂತಿಲ್ಲ. ಕೈಸಾಲ, ಚೀಟಿ, ಬಡ್ಡಿ ವ್ಯವಹಾರದವರ ಸಾಲ ಇವು ಅಲ್ಲಿ ಕಾಣುವುದಿಲ್ಲ.

ನಮ್ಮ ಲೆಕ್ಕ ನೋಡಲು ನಾವು ಯಾಕೆ ದುಡ್ಡು ಕೊಡಬೇಕು?

ಕೊಡಬೇಕಾಗಿಲ್ಲ. 2016ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಆದೇಶ ಹೊರಡಿಸಿತು. ಅದರಂತೆ 2017ರಿಂದ ಈ ನಾಲ್ಕೂ ಕಂಪನಿಗಳು ಕೇಳಿದವರಿಗೆ ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು, ಅಂಕವನ್ನೂ ಸೇರಿಸಿ, ಉಚಿತವಾಗಿ ಕೊಡಬೇಕು. ನಾಲ್ಕು ಕಂಪನಿಗೆ ನಾಲ್ಕು ರಿಪೋರ್ಟು. ಮೂರು ತಿಂಗಳಿಗೊಂದು ಕಂಪನಿಯದ್ದು ತೆಗೆದರೆ ವರ್ಷವಿಡೀ ಖರ್ಚಿಲ್ಲದೆ ಕಣ್ಣಿಟ್ಟ ಹಾಗಾಯಿತು. ವಾರದ ಕಂತಿನ ಸಾಲ ಇರುವವರು ಮೊದಲು ಕ್ರಿಫ್ ಹೈ ಮಾರ್ಕಿನದ್ದು, ಆಮೇಲೆ ಸಿಬಿಲಿನದ್ದು ತೆಗೆಯುವುದು ಒಳ್ಳೆಯದು ಅನ್ನುವುದು ನಮ್ಮ ಅನುಭವ. ಮೈಕ್ರೋ ಫೈನಾನ್ಸಿನವರ ನಡುವೆ ಕ್ರಿಫ್, ಬ್ಯಾಂಕುಗಳ ನಡುವೆ ಸಿಬಿಲ್ ಹೆಚ್ಚು ಬಳಕೆಯಲ್ಲಿದೆ.

ತೆಗೆಯುವುದು ಹೇಗೆ? ಮಗನ ಅಥವಾ ಮಗಳ ಮೊಬೈಲ್ ಸಾಕು. ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಬೇಕು. ಹೆಸರು, ಹುಟ್ಟಿದ ದಿನ, ಪ್ಯಾನ್ ಅಥವಾ ವೋಟರ್ ಐಡಿಯಂಥ ಒಂದು ಗುರುತಿನ ಚೀಟಿಯ ನಂಬರು, ವಿಳಾಸ, ಮೊಬೈಲ್ ನಂಬರು ಕೇಳುತ್ತದೆ. ಮೊಬೈಲಿಗೆ ಬಂದ ಓಟಿಪಿ ಹಾಕಬೇಕು. ಸಾಲ ಪಡೆಯುವಾಗ ಕೊಟ್ಟ ಮೊಬೈಲ್ ನಂಬರನ್ನೇ ಹಾಕಿದರೆ ಬೇಗ ಆಗುತ್ತದೆ. ಕೆಲವು ಸಲ ನಿಮ್ಮ ಸಾಲದ ಬಗ್ಗೆಯೇ ಒಂದೆರಡು ಪ್ರಶ್ನೆ ಕೇಳಿ, ನೀವೇ ಹೌದೋ ಅಲ್ಲವೋ ಅಂತ ನೋಡ್ತಾರೆ. ಹಳೇ ಕಂತಿನ ಕಾರ್ಡು ಪಕ್ಕದಲ್ಲಿಟ್ಟುಕೊಳ್ಳಿ.

ಒಂದು ಮಾತು. ವೆಬ್‌ಸೈಟಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ತಿಂಗಳ, ವರ್ಷದ ಪ್ಲ್ಯಾನುಗಳು, ದುಡ್ಡು ಕೊಡುವಂಥವು. ಉಚಿತ ರಿಪೋರ್ಟಿನ ಜಾಗ ಸಣ್ಣದಾಗಿ ಮೂಲೆಯಲ್ಲಿ ಇರುತ್ತದೆ. ಕಾರ್ಡ್ ನಂಬರು ಅಥವಾ ಯುಪಿಐ ಪಿನ್ ಕೇಳಿದರೆ ದಾರಿ ತಪ್ಪಿದ್ದೀರಿ ಅಂತ ತಿಳಿಯಿರಿ, ಹಿಂದೆ ಬನ್ನಿ. ಸೈಬರ್ ಅಂಗಡಿಯಲ್ಲಿ ತೆಗೆಸಿದರೆ ಪ್ರಿಂಟು ಕೈಗೆ ಬಂದ ಮೇಲೆ ಅಲ್ಲಿನ ಕಂಪ್ಯೂಟರಿನಿಂದ ಫೈಲನ್ನು ಅಳಿಸಲು ಹೇಳಿ, ನಿಂತು ನೋಡಿ. ನಿಮ್ಮ ಸಾಲದ ಲೆಕ್ಕ ಊರಿಗೆಲ್ಲ ಯಾಕೆ?

'ನಾವೇ ಪದೇ ಪದೇ ನೋಡಿದರೆ ಸಿಬಿಲ್ ಅಂಕ ಇಳಿಯುತ್ತದೆ' ಅಂತ ಕೆಲವರು ಹೆದರಿಸುತ್ತಾರೆ. ಇದು ಸುಳ್ಳು. ನಮ್ಮ ರಿಪೋರ್ಟನ್ನು ನಾವು ನೋಡಿದರೆ ಅಂಕ ಒಂದೂ ಇಳಿಯುವುದಿಲ್ಲ.

ಆ ಅಕ್ಕನ ರಿಪೋರ್ಟಿನಲ್ಲಿ ಏನಿತ್ತು?

ಮಗಳ ಮೊಬೈಲಿನಲ್ಲಿ ಎರಡು ಕಂಪನಿಯ ರಿಪೋರ್ಟು ತೆಗೆದು, ಪ್ರಿಂಟು ಹಾಕಿ, ಮೇಜಿನ ಮೇಲೆ ಹರಡಿ ಕೂತೆವು. ಎಲ್ಲ ಇಂಗ್ಲಿಷ್. ಮಗಳು ಓದಿದಳು, ನಾವು ಗುರುತು ಹಾಕಿದೆವು.

ಮೊದಲ ಪುಟದಲ್ಲಿ ಹೆಸರು, ಹುಟ್ಟಿದ ದಿನ, ವಿಳಾಸ. ಇಲ್ಲಿ ಏನು ನೋಡುವುದು ಅಂತ ಇದನ್ನು ಹಾರಿಸಬೇಡಿ. ಬಹಳ ಗೊಂದಲ ಹುಟ್ಟುವುದು ಇಲ್ಲಿಂದಲೇ. ನಮ್ಮ ಒಂದೇ ಬೀದಿಯಲ್ಲಿ ಮೂವರು ಲಕ್ಷ್ಮಮ್ಮ, ಇಬ್ಬರು ಮೇರಿ ಇರ್ತಾರೆ. ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಆಧಾರ್ ಮಾಡಿಸುವಾಗ ಜನವರಿ 1 ಅಂತ ಹಾಕಿದ್ದಾರೆ. ಕಂಪ್ಯೂಟರ್ ಪಾಪ ಏನು ಮಾಡುತ್ತದೆ, ಹೆಸರೂ ತಾರೀಖೂ ಪಿನ್‌ಕೋಡೂ ಹತ್ತಿರ ಹತ್ತಿರ ಕಂಡರೆ ಇಬ್ಬರನ್ನೂ ಒಬ್ಬಳೇ ಅಂದುಕೊಳ್ಳುತ್ತದೆ. ಅಕ್ಕನಿಗೂ ಅದೇ ಆಗಿತ್ತು. ಒಂದು ರಿಪೋರ್ಟಿನಲ್ಲಿ 40,000 ರೂಪಾಯಿಯ ಒಂದು ಸಾಲ ಇತ್ತು. ವಿಳಾಸ ತಾಲ್ಲೂಕಿನ ಇನ್ನೊಂದು ಮೂಲೆಯ ಊರು, ಗಂಡನ ಹೆಸರು ಬೇರೆ, ವೋಟರ್ ಐಡಿ ಬೇರೆ. ಇನ್ನೊಂದು ಕಂಪನಿಯ ರಿಪೋರ್ಟಿನಲ್ಲಿ ಈ ಸಾಲವೇ ಇರಲಿಲ್ಲ. ಒಂದೇ ಕಂಪನಿಯದ್ದು ನೋಡಿ ಸುಮ್ಮನಾಗಬಾರದು ಅನ್ನುವುದು ಇದಕ್ಕೇ.

ಎರಡನೆಯದು ಅವರದೇ ಸಾಲ. 2019ರಲ್ಲಿ ತೆಗೆದ 25,000, ವಾರದ ಕಂತು. ಇನ್ನೆರಡು ಕಂತು ಇರುವಾಗ 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಸೆಂಟರ್ ಮೀಟಿಂಗ್ ನಿಂತಿತು. ಆಮೇಲೆ ಜುಲೈಯಲ್ಲಿ ಕಲೆಕ್ಷನ್ ಹುಡುಗ ತೋಟದ ಗೇಟಿನ ಹತ್ತಿರ ಬಂದಾಗ ಎರಡೂ ಕಂತು ಒಟ್ಟಿಗೆ ಕೈಗೆ ಕೊಟ್ಟಿದ್ದರು. ಅವನು ಕಾರ್ಡಿನಲ್ಲಿ ಬರೆದು ಸಹಿ ಹಾಕಿದ್ದ. ಕಂಪನಿಯ ಪುಸ್ತಕಕ್ಕೆ ಆ ಹಣ ಸೇರಲೇ ಇಲ್ಲ. ರಿಪೋರ್ಟಿನಲ್ಲಿ 1,150 ರೂಪಾಯಿ ಬಾಕಿ, ಪಕ್ಕದಲ್ಲಿ 'ರಿಟನ್ ಆಫ್' ಅಂತ ಇತ್ತು. ಬ್ಯಾಂಕಿನವರ ಕಣ್ಣಿಗೆ ಬಿದ್ದದ್ದು ಮುಖ್ಯವಾಗಿ ಈ ಎರಡು ಪದ.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. 2020ರಲ್ಲಿ ಆ ಅಕ್ಕ "ಸಾಲ ಮುಗೀತು ಸಿಸ್ಟರ್" ಅಂದಾಗ ನಾವು "ಒಳ್ಳೇದಾಯ್ತು" ಅಂತ ಹೇಳಿ ಕಳಿಸಿದ್ದೆವು. 'ಬಾಕಿ ಇಲ್ಲ ಅಂತ ಪತ್ರ ತಗೊಂಡ್ರಾ?' ಅಂತ ಒಂದು ಮಾತು ಕೇಳಲಿಲ್ಲ. ಸಾಲ ಕೊಡಿಸುವ ತರಬೇತಿ ಎಷ್ಟೋ ಮಾಡಿದ್ದೇವೆ, ಸಾಲ ಮುಗಿಸುವುದು ಹೇಗೆ ಅಂತ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ಕಾರ್ಡನ್ನು ಅವರು ಅಕ್ಕಿ ಡಬ್ಬದ ಕೆಳಗೆ ಜೋಪಾನವಾಗಿ ಇಟ್ಟಿದ್ದರಿಂದ ಉಳಿದರು.

ಮೂರನೆಯದು 2023ರ 30,000 ರೂಪಾಯಿ ಸಾಲ, ಏಳು ಕಂತು ಬಾಕಿ. "ಇದು ನಂದಲ್ಲವೇ ಅಲ್ಲ" ಅಂತ ಅಕ್ಕ ಗಟ್ಟಿಯಾಗಿ ಹೇಳಿದರು. ನಾವೂ ಇದು ಮೋಸ ಇರಬೇಕು ಅಂತ ಬರೆದುಕೊಂಡೆವು. ಮಾರನೇ ದಿನ ಬೆಳಿಗ್ಗೆ ಒಬ್ಬರೇ ಬಂದರು. ಕೂತು ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತಾ ಇದ್ದು, ಆಮೇಲೆ ಹೇಳಿದರು. ನಾದಿನಿಗೆ ಮನೆ ಮಾಡಿಗೆ ಶೀಟು ಹಾಕಿಸಬೇಕಿತ್ತು. ಅವಳ ಹೆಸರಲ್ಲಿ ಆಗಲೇ ಸಾಲ ಇದ್ದದ್ದರಿಂದ ಸಿಗಲಿಲ್ಲ. "ಅತ್ತಿಗೆ, ನಿಮ್ಮ ಆಧಾರ್ ಕೊಡಿ, ಕಟ್ಟೋದು ನಾನೇ" ಅಂದಳು. ಇವರು ಆಧಾರ್ ಕೊಟ್ಟರು, ಹೋಗಿ ಫೋಟೋ ತೆಗೆಸಿಕೊಂಡರು, ಸಹಿ ಹಾಕಿದರು. ಹಣವನ್ನು ಕೈಯಿಂದ ಮುಟ್ಟಲೂ ಇಲ್ಲ. ಆದ್ದರಿಂದ ಅದು ತನ್ನ ಸಾಲ ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ.

ಸಹೋದರಿಯರೇ, ಇದನ್ನು ಸ್ವಲ್ಪ ನಿಂತು ಯೋಚಿಸಿ. ಮೊದಲ ಎರಡು ಸಾಲದ ವಿಷಯದಲ್ಲಿ ಪುಸ್ತಕ ತಪ್ಪು, ಅಕ್ಕ ಸರಿ. ಮೂರನೆಯದರಲ್ಲಿ ಪುಸ್ತಕ ಸರಿ. ಹಣ ಯಾರ ಮನೆಯ ಮಾಡಿಗೆ ಹೋಯಿತು ಅಂತ ಪುಸ್ತಕ ಕೇಳುವುದಿಲ್ಲ, ಸಹಿ ಯಾರದು ಅಂತ ಮಾತ್ರ ಕೇಳುತ್ತದೆ. ದೂರು ಕೊಟ್ಟು ಇದನ್ನು ಅಳಿಸಲು ಆಗುವುದಿಲ್ಲ, 'ನನ್ನ ಸಹಿ ಅಲ್ಲ' ಅಂತ ಸುಳ್ಳು ಬರೆದುಕೊಡಲು ನಾವೂ ಒಪ್ಪಲಿಲ್ಲ.

ಓದುವಾಗ ಎಡವುವ ಪದಗಳು

ಆಕ್ಟಿವ್ ಅಂದರೆ ಸಾಲ ನಡೆಯುತ್ತಿದೆ, ಕ್ಲೋಸ್ಡ್ ಅಂದರೆ ಮುಗಿದಿದೆ. ನೀವು ತೀರಿಸಿದ ಪ್ರತಿ ಸಾಲದ ಪಕ್ಕದಲ್ಲಿ ಕ್ಲೋಸ್ಡ್ ಅಂತ ಇದೆಯಾ, ಅದೇ ಮೊದಲು ನೋಡಬೇಕಾದ್ದು.

ರಿಟನ್ ಆಫ್ ಅಂದರೆ ಸಾಲ ಮನ್ನಾ ಆಯಿತು ಅಂತ ಎಷ್ಟೋ ಜನ ಖುಷಿಪಡ್ತಾರೆ. ಮನ್ನಾ ಅಲ್ಲ. 'ಇದು ಬರುವ ಹಾಗೆ ಕಾಣುವುದಿಲ್ಲ' ಅಂತ ಕಂಪನಿಯವರು ತಮ್ಮ ಲೆಕ್ಕದಲ್ಲಿ ಬರೆದುಕೊಂಡರು ಅಷ್ಟೇ. ಸಾಲ ಹಾಗೆಯೇ ಇದೆ, ಹೆಸರೂ ಕೆಟ್ಟಿದೆ.

ಸೆಟಲ್ಡ್ ಇನ್ನೊಂದು ಮೋಸದ ಪದ. ಇನ್ನೊಂದು ಸಂಘದ ಸದಸ್ಯೆಗೆ 11,000 ಬಾಕಿ ಇತ್ತು. "6,000 ಕಟ್ಟಿಬಿಡಿ ಅಕ್ಕ, ಮುಗಿಸಿಬಿಡೋಣ" ಅಂದರು. ಸಂತೋಷದಿಂದ ಕಟ್ಟಿದರು. ರಿಪೋರ್ಟಿನಲ್ಲಿ ಕ್ಲೋಸ್ಡ್ ಅಂತ ಬರಲಿಲ್ಲ, ಸೆಟಲ್ಡ್ ಅಂತ ಬಂತು, ಅಂದರೆ 'ಪೂರ್ತಿ ಕಟ್ಟಲಿಲ್ಲ, ರಾಜಿ ಮಾಡಿಕೊಂಡರು'. ಮುಂದೆ ಸಾಲ ಕೊಡುವವರು ಇದನ್ನು ಒಳ್ಳೆಯ ಗುರುತು ಅಂತ ನೋಡುವುದಿಲ್ಲ. ಕಷ್ಟದಲ್ಲಿ ರಾಜಿ ಬಿಟ್ಟು ಬೇರೆ ದಾರಿ ಇಲ್ಲದಿರಬಹುದು. ಆದರೆ ಏನಕ್ಕೆ ಒಪ್ಪುತ್ತಿದ್ದೇವೆ ಅಂತ ಗೊತ್ತಿದ್ದು ಒಪ್ಪಬೇಕು.

ಡಿಪಿಡಿ ಅನ್ನುವುದು ಕಂತು ಎಷ್ಟು ದಿನ ತಡವಾಯಿತು ಅನ್ನುವ ಲೆಕ್ಕ. ತಿಂಗಳಿಗೊಂದು ಚೌಕ, ಮೂರು ವರ್ಷದವರೆಗಿನದ್ದು ಕಾಣುತ್ತದೆ. 000 ಇದ್ದರೆ ತಡ ಇಲ್ಲ. 030 ಇದ್ದರೆ ಮೂವತ್ತು ದಿನ ತಡ. ತೊಂಬತ್ತು ದಾಟಿದರೆ ಬ್ಯಾಂಕಿನ ಭಾಷೆಯಲ್ಲಿ ಸುಸ್ತಿ ಸಾಲ. ಎಕ್ಸ್ ಎಕ್ಸ್ ಎಕ್ಸ್ ಅಂತ ಇದ್ದರೆ ಗಾಬರಿ ಬೇಡ, ಆ ತಿಂಗಳು ಮಾಹಿತಿ ಬಂದಿಲ್ಲ ಅಂತ ಅರ್ಥ.

ಎನ್‌ಕ್ವೈರಿ ಅನ್ನುವ ಭಾಗ ಕೊನೆಗೆ ಇರುತ್ತದೆ. ಯಾವ ಕಂಪನಿ ಯಾವ ದಿನ ನಿಮ್ಮ ರಿಪೋರ್ಟ್ ತೆಗೆದು ನೋಡಿತು ಅಂತ ಇಲ್ಲಿ ಬರೆದಿರುತ್ತದೆ. "ಸುಮ್ನೆ ಎಲಿಜಿಬಲ್ ಇದ್ದೀರಾ ನೋಡ್ತೀವಿ ಅಕ್ಕ, ಆಧಾರ್ ಕೊಡಿ" ಅಂತ ಬಾಗಿಲಿಗೆ ಬರುವ ಹುಡುಗರು ಇದ್ದಾರಲ್ಲ, ಅವರ ಗುರುತು ಇಲ್ಲಿ ಉಳಿಯುತ್ತದೆ. ಎರಡು ತಿಂಗಳಲ್ಲಿ ಏಳೆಂಟು ಕಂಪನಿಯ ಹೆಸರು ಕಂಡರೆ, ಈಕೆ ಸಾಲಕ್ಕೆ ಅಲೆಯುತ್ತಿದ್ದಾಳೆ ಅಂತ ಓದಿದವರು ತಿಳಿಯುತ್ತಾರೆ. ನೀವು ಹೆಸರೇ ಕೇಳದ ಕಂಪನಿ ಅಲ್ಲಿದ್ದರೆ ನಿಮ್ಮ ಕಾಗದ ಎಲ್ಲೋ ಓಡಾಡುತ್ತಿದೆ.

ಇನ್ನು ಅಂಕ. 300ರಿಂದ 900ರ ನಡುವೆ ಇರುತ್ತದೆ, ಮೇಲಿದ್ದಷ್ಟೂ ಒಳ್ಳೆಯದು. ಇದುವರೆಗೆ ಸಾಲವೇ ಮಾಡದವರಿಗೆ ಅಂಕ ಇರುವುದಿಲ್ಲ. ಮೊದಲ ಸಲ ಸಾಲ ಕೇಳುವವರನ್ನು ಹಿಂದಿನ ಲೆಕ್ಕ ಇಲ್ಲ ಅನ್ನುವ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2025ರ ಜನವರಿಯ ನಿರ್ದೇಶನದಲ್ಲಿ ಹೇಳಿದೆ. ಅಂಕದ ಬಗ್ಗೆ ಇಷ್ಟು ಸಾಕು. ಕೆಳಗಿನ ಸಾಲುಗಳು ಸರಿಯಾದರೆ ಅಂಕ ತಾನಾಗಿ ಸರಿಯಾಗುತ್ತದೆ.

ತಪ್ಪು ಕಂಡರೆ

ರಿಪೋರ್ಟ್ ಕೊಟ್ಟ ಕಂಪನಿಯ ವೆಬ್‌ಸೈಟಿನಲ್ಲೇ ತಕರಾರು ಹಾಕುವ ಜಾಗ ಇದೆ. ಇದಕ್ಕೂ ದುಡ್ಡು ಇಲ್ಲ. ಯಾವ ಸಾಲ, ಏನು ತಪ್ಪು ಅಂತ ಗುರುತಿಸಿ ಕಳಿಸಿದರೆ ಒಂದು ನಂಬರು ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಮಾಹಿತಿ ಕಂಪನಿಯವರು ತಾವಾಗಿ ತಿದ್ದುವಂತಿಲ್ಲ, ಸಾಲ ಕೊಟ್ಟವರನ್ನು ಕೇಳಿ, ಅವರು ಹೌದು ಅಂದರೆ ತಿದ್ದುತ್ತಾರೆ. ಹಾಗಾಗಿ ಸಾಲ ಕೊಟ್ಟ ಕಚೇರಿಗೂ ಒಂದು ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳುವುದು ಕ್ಷೇಮ.

ಒಟ್ಟು ಮೂವತ್ತು ದಿನದೊಳಗೆ ಇದು ಮುಗಿಯಬೇಕು. ಅದರಲ್ಲಿ ಸಾಲ ಕೊಟ್ಟವರು ಇಪ್ಪತ್ತೊಂದು ದಿನದೊಳಗೆ ಸರಿಯಾದ ಮಾಹಿತಿ ಕಳಿಸಬೇಕು. ಮೂವತ್ತು ದಿನ ದಾಟಿದರೆ, ತಡ ಮಾಡಿದವರು ದಿನಕ್ಕೆ 100 ರೂಪಾಯಿ ಲೆಕ್ಕದಲ್ಲಿ ದೂರುದಾರರಿಗೆ ಪರಿಹಾರ ಕೊಡಬೇಕು. 2023ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ಈ ನಿಯಮ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ಆಗಲೂ ಕೆಲಸ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ, ಅಂದರೆ ಓಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಹೇಗೆ ಅಂತ ತಿಳಿಯಲು 14448ಕ್ಕೆ ಫೋನ್ ಮಾಡಿ. ಮೊದಲು ಕಂಪನಿಗೇ ದೂರು ಕೊಟ್ಟಿರಬೇಕು, ಆ ನಂಬರು ಕೈಯಲ್ಲಿರಬೇಕು.

ಈಗ ಪೇಟೆಯಲ್ಲಿ 'ಸಿಬಿಲ್ ಸರಿ ಮಾಡಿಕೊಡಲಾಗುವುದು' ಅಂತ ಬೋರ್ಡು ಹಾಕಿಕೊಂಡವರು ಇದ್ದಾರೆ. ಐದು ಸಾವಿರ, ಹತ್ತು ಸಾವಿರ ಕೇಳ್ತಾರೆ. ತಪ್ಪು ಇದ್ದರೆ ನಾವೇ ಪುಕ್ಕಟೆ ಸರಿಮಾಡಿಸಬಹುದು. ತಪ್ಪು ಇಲ್ಲದಿದ್ದರೆ ಅವರಿಂದಲೂ ಆಗುವುದಿಲ್ಲ. ನಿಮ್ಮ ಓಟಿಪಿ ಅವರ ಕೈಗೆ ಹೋಗುತ್ತದೆ ಅಷ್ಟೇ.

ಇನ್ನೊಂದು ಗಾಳಿಸುದ್ದಿ. ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಕಾನೂನು ತಂದಾಗ, ಇನ್ನು ಯಾರೂ ಕಂತು ಕಟ್ಟಬೇಕಾಗಿಲ್ಲ ಅಂತ ಕೆಲವರು ಹಳ್ಳಿ ಹಳ್ಳಿಯಲ್ಲಿ ಹೇಳಿಕೊಂಡು ಬಂದರು. ಕಿರುಕುಳ ಕೊಟ್ಟವರ ಮೇಲೆ ದೂರು ಕೊಡಲು ಆ ಕಾನೂನು ಒಂದು ಬಲ, ಧೈರ್ಯವಾಗಿ ಕೊಡಿ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಗಳ ಸಾಲ ಅದರಿಂದ ಮನ್ನಾ ಆಗಿಲ್ಲ. ಆ ಮಾತು ನಂಬಿ ಕಂತು ನಿಲ್ಲಿಸಿದವರ ಚೌಕಗಳಲ್ಲಿ ದಿನಗಳ ಲೆಕ್ಕ ಏರುತ್ತಾ ಹೋಗುತ್ತದೆ.

ಆ ಅಕ್ಕನ ಕೆಲಸ ಏನಾಯಿತು?

ಬೇರೆಯವರ 40,000 ಸಾಲಕ್ಕೆ ವೋಟರ್ ಐಡಿ ನಕಲು ಹಾಕಿ ತಕರಾರು ಕೊಟ್ಟೆವು. ಮೂರು ವಾರದಲ್ಲಿ ತೆಗೆದರು. 1,150 ರೂಪಾಯಿಯದ್ದು ಅಷ್ಟು ಸುಲಭ ಆಗಲಿಲ್ಲ. ಆ ಕಲೆಕ್ಷನ್ ಹುಡುಗ ಕೆಲಸ ಬಿಟ್ಟು ಹೋಗಿದ್ದ. "ನಮ್ಮ ಸಿಸ್ಟಮ್‌ನಲ್ಲಿ ಇಲ್ಲ" ಅಂತ ಕಚೇರಿಯಲ್ಲಿ ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ಸಂಘದ ಆರು ಜನ ಜೊತೆಗೆ ಹೋದರು. ಪಿಸುಮಾತು ಆಡಿದವರೂ ಅದರಲ್ಲಿ ಇದ್ದರು. ಕಾರ್ಡಿನಲ್ಲಿದ್ದ ಸಹಿ ತೋರಿಸಿ, ದಿನಕ್ಕೆ ನೂರು ರೂಪಾಯಿಯ ನಿಯಮದ ಮಾತೂ ಎತ್ತಿದರು. ಆಮೇಲೆ ಕ್ಲೋಸ್ಡ್ ಅಂತ ಬಂತು, ಬಾಕಿ ಇಲ್ಲದ ಪತ್ರವೂ ಬಂತು.

ನಾದಿನಿಯ ಸಾಲ ಕಷ್ಟದ್ದು. ಮನೆಯಲ್ಲಿ ಗಂಡನಿಗೆ ಸಿಟ್ಟು, ಅತ್ತೆಗೆ ಅವಮಾನ. ನಾದಿನಿಯನ್ನು ಕೂರಿಸಿ ರಿಪೋರ್ಟ್ ತೋರಿಸಿದಾಗ ಅವಳು ಹೇಳಿದ್ದು: "ನಾನು ಕಟ್ಟದಿದ್ರೆ ನನ್ನ ಹೆಸರು ಕೆಡುತ್ತೆ ಅಂದ್ಕೊಂಡಿದ್ದೆ. ಅತ್ತಿಗೆ ಹೆಸರು ಕೆಡುತ್ತೆ ಅಂತ ಯಾರೂ ಹೇಳಲಿಲ್ಲ." ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ನಮಗೆ ಅನ್ನಿಸಲಿಲ್ಲ. ಆ ವರ್ಷದ ಕಾಫಿ ಕೊಯ್ಲಿನ ಕೂಲಿಯಲ್ಲಿ ಏಳು ಕಂತನ್ನೂ ಕಟ್ಟಿದಳು. ತಡವಾದ ತಿಂಗಳುಗಳ ಗುರುತು ಮಾತ್ರ ರಿಪೋರ್ಟಿನಲ್ಲಿ ಈಗಲೂ ಇದೆ. ಅದು ಕಾಲ ಕಳೆದಂತೆ ಹಿಂದೆ ಸರಿಯಬೇಕೇ ಹೊರತು ಅಳಿಸುವಂಥದ್ದಲ್ಲ.

ಮಗಳ ಮೊದಲ ವರ್ಷದ ಫೀಸಿಗೆ ಸಂಘದ ಒಳಸಾಲದಿಂದ 20,000 ಕೊಟ್ಟರು, ಉಳಿದದ್ದಕ್ಕೆ ಅಕ್ಕನ ಓಲೆ ಅಡವಿಗೆ ಹೋಯಿತು. 2025ರಲ್ಲಿ, ಎರಡನೇ ವರ್ಷಕ್ಕೆ ಶಿಕ್ಷಣ ಸಾಲ ಮಂಜೂರಾಯಿತು. ಓಲೆ ಇನ್ನೂ ಬಿಡಿಸಿಲ್ಲ.

ಇದರ ನಂತರ ನಾವು ಬದಲಾಯಿಸಿಕೊಂಡದ್ದು

ಮೊದಲೆಲ್ಲ ನಾವೂ ಸದಸ್ಯೆಯರ ಆಧಾರ್ ಜೆರಾಕ್ಸನ್ನು ಕಂತೆಗಟ್ಟಲೆ ತಗೊಂಡು ಬೀರುವಿನ ಮೇಲೆ ಇಡುತ್ತಿದ್ದೆವು. ಈಗ ಜೆರಾಕ್ಸಿನ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ತಾರೀಖು ಅಂತ ಬರೆಸಿ ಸಹಿ ಹಾಕಿಸುತ್ತೇವೆ. ನೀವು ಬೇರೆ ಎಲ್ಲಿ ಕೊಟ್ಟರೂ ಹಾಗೆಯೇ ಮಾಡಿ. ಮೊಬೈಲಿಗೆ ಬರುವ ಮೆಸೇಜನ್ನೂ ನೋಡದೆ ಅಳಿಸಬೇಡಿ. ಯಾರಾದರೂ ನಿಮ್ಮ ರಿಪೋರ್ಟ್ ತೆಗೆದರೆ ಮಾಹಿತಿ ಕಂಪನಿಯವರು ನಿಮ್ಮ ಮೊಬೈಲಿಗೋ ಇಮೇಲಿಗೋ ತಿಳಿಸಬೇಕು ಅನ್ನುವುದೂ ಈಗಿನ ನಿಯಮ. ನಂಬರು ಬದಲಾಯಿಸಿದ್ದರೆ ಬ್ಯಾಂಕಿಗೆ, ಸಾಲ ಕೊಟ್ಟವರಿಗೆ ಹೇಳಿ.

ಇನ್ನೊಬ್ಬರಿಗಾಗಿ ಸಾಲ ತೆಗೆದುಕೊಡುವ ವಿಷಯ ಮಾತ್ರ ನಿಯಮ ಹೇಳಿ ನಿಲ್ಲಿಸುವಂಥದ್ದಲ್ಲ. ಅಕ್ಕ ತಂಗಿ, ನಾದಿನಿ, ನೆರೆಮನೆಯವರು ಕೇಳುವಾಗ ಇಲ್ಲ ಅನ್ನುವುದು ಎಷ್ಟು ಕಷ್ಟ ಅಂತ ನಮಗೂ ಗೊತ್ತು. ಆದರೆ ಇದನ್ನೂ ತಿಳಿದಿರಿ: 2022ರ ಏಪ್ರಿಲಿನಿಂದ ಮೈಕ್ರೋ ಫೈನಾನ್ಸ್ ಸಾಲಕ್ಕೆ ಮನೆಯವರ ಒಟ್ಟು ಆದಾಯ ಲೆಕ್ಕ ಹಾಕ್ತಾರೆ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಇವರೆಲ್ಲರ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ನಾದಿನಿಗಾಗಿ ಇಟ್ಟ ಸಹಿ ನಿಮ್ಮ ಮನೆಯ ಆ ಅರ್ಧದಲ್ಲಿ ಜಾಗ ಹಿಡಿಯುತ್ತದೆ. ನಾಳೆ ನಿಮ್ಮ ಮನೆಗೇ ಬೇಕಾದಾಗ ಆ ಜಾಗ ಖಾಲಿ ಇರುವುದಿಲ್ಲ.

ಮುಂದಿನ ಸಭೆಗೆ

ಪ್ರತಿ ಸಂಘದಿಂದ ಮೊದಲು ಐದು ಸದಸ್ಯೆಯರು ರಿಪೋರ್ಟ್ ತೆಗೆಯೋಣ. ಬರುವಾಗ ಆಧಾರ್, ವೋಟರ್ ಐಡಿ, ಪ್ಯಾನ್ ಇದ್ದರೆ ಅದು, ಸಾಲಕ್ಕೆ ಕೊಟ್ಟ ನಂಬರಿನ ಮೊಬೈಲು, ಮನೆಯಲ್ಲಿರುವ ಹಳೇ ಕಂತಿನ ಕಾರ್ಡುಗಳು, ಅಕ್ಕಿ ಡಬ್ಬದ ಕೆಳಗಿರುವುದನ್ನೂ ಸೇರಿಸಿ, ತನ್ನಿ. ಇಂಗ್ಲಿಷ್ ಓದಲು ಬರುವ ಮಗಳನ್ನೋ ಸೊಸೆಯನ್ನೋ ಕರೆತನ್ನಿ. ಇನ್ನೊಬ್ಬರ ರಿಪೋರ್ಟನ್ನು ಅವರು ಒಪ್ಪದೆ ಯಾರೂ ಓದುವುದು ಬೇಡ. ಈ ಪ್ರಶ್ನೆಗಳನ್ನು ಮಾತಾಡಿಕೊಳ್ಳಿ:

ನೀವು ತೀರಿಸಿದ ಸಾಲಗಳಲ್ಲಿ ಎಷ್ಟಕ್ಕೆ ಬಾಕಿ ಇಲ್ಲದ ಪತ್ರ ನಿಮ್ಮ ಕೈಯಲ್ಲಿದೆ?

ನಿಮ್ಮ ಆಧಾರ್ ಜೆರಾಕ್ಸ್ ಈಗ ಯಾರ ಯಾರ ಹತ್ತಿರ ಇದೆ?

ಬೇರೆಯವರಿಗಾಗಿ ನೀವು ಸಹಿ ಹಾಕಿದ ಸಾಲ ಇದೆಯಾ? ಅದರ ಕಂತು ಈ ತಿಂಗಳು ಕಟ್ಟಿದ್ದಾರಾ? ಕೇಳಿ ಎಷ್ಟು ದಿನ ಆಯಿತು?

ತಕರಾರು ಹಾಕಬೇಕಾದವರ ಹೆಸರನ್ನು ಪ್ರತಿನಿಧಿ ಬರೆದುಕೊಂಡು ಒಕ್ಕೂಟದ ಸಭೆಯ ದಿನ ನಮ್ಮ ಕಾರ್ಯಕರ್ತೆಗೆ ಕೊಡಲಿ. ಆ ಅಕ್ಕನ ಮಗಳು ರಜೆಗೆ ಬಂದಾಗ ಎರಡು ದಿನ ಕೂತು ಸಹಾಯ ಮಾಡ್ತೀನಿ ಅಂದಿದ್ದಾಳೆ.